ನುಣುಪು ಜಾಸ್ತಿಯಾದರೆ ಗಿರಾಕಿಗೆ ಸಿಟ್ಟು ಯಾಕೆ?

ಶಿರಸಿಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಹೊರದೇಶದ ವೆಬ್‌ಸೈಟ್‌ಗಳಿಗೆ ಬರುವ ಗಿರಾಕಿಗಳ ದೂರು ಓದಿ, ವಿಂಗಡಿಸಿ, ಮೇಲಿನವರಿಗೆ ಕಳಿಸುವುದು ಅವನ ಕೆಲಸ. ಮನೆಯಲ್ಲೇ ಕೂತು ಮಾಡುತ್ತಾನೆ. ಕಳೆದ ಮಳೆಗಾಲದಲ್ಲಿ ಅವನ ಪಾಲಿಗೆ ಒಂದು ವಯಸ್ಕರ ಸೈಟ್ ಬಂತು. ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿ ಬೆತ್ತಲೆ ಫೋಟೋ ನೋಡುವ ಜಾಗ ಅದು. ಅವನಿಗೆ ಫೋಟೋ ಕಾಣುವುದಿಲ್ಲ, ದೂರಿನ ಬರಹ ಮಾತ್ರ ಕಾಣುತ್ತದೆ. ದುಡ್ಡು ಎರಡು ಸಲ ಕಟ್ ಆಯಿತು, ಪಾಸ್‌ವರ್ಡ್ ಮರೆತುಹೋಯಿತು, ಇಂಥದ್ದೇ ಇರುತ್ತದೆ ಅಂದುಕೊಂಡಿದ್ದ. ಆದರೆ ಮತ್ತೆ ಮತ್ತೆ ಬಂದ ದೂರು ಬೇರೆಯೇ ಇತ್ತು. ಚರ್ಮ ಮೇಣದ ಹಾಗಿದೆ. ಹೋದ ಸಲದ ಫೋಟೋದಲ್ಲಿದ್ದ ಮಚ್ಚೆ ಈ ಸಲ ಇಲ್ಲ. ದೊಡ್ಡ ಫೋಟೋ ಅಂತ ಹೆಚ್ಚು ದುಡ್ಡು ತೆಗೆದುಕೊಂಡಿರಿ, ಝೂಮ್ ಮಾಡಿದರೆ ಒಳಗೆ ಏನೂ ಇಲ್ಲ.

ಒಂದು ರಾತ್ರಿ ಫೋನ್ ಮಾಡಿದ. "ಎಂತದು ಮಾರಾಯಾ ಇದು? ಚಂದ ಮಾಡಿ ಕೊಟ್ಟರೆ ಬೈತಾರಲ್ಲ! ಇಂಥ ಸೈಟಿಗೆ ಬರೋರಿಗೆ ಕಲೆ ಇಲ್ಲದ ಮೈಯೇ ಬೇಕು ಅಲ್ವಾ?"

ನಾನು ಕಾರವಾರದಲ್ಲಿ ಫೋಟೋ ಎಡಿಟಿಂಗ್ ಮಾಡಿ ಬದುಕುವವನು. ಮದುವೆ ಆಲ್ಬಮ್, ಪಾಸ್‌ಪೋರ್ಟ್ ಫೋಟೋ, ಹೋಮ್‌ಸ್ಟೇಯವರ ಫೋಟೋ, ತೀರಿಹೋದವರ ಹಳೇ ಫೋಟೋ ದೊಡ್ಡದು ಮಾಡಿಕೊಡುವುದು, ಎಲ್ಲ ನೋಡಿದ್ದೇನೆ. ಅವನು ಓದಿ ಹೇಳಿದ ದೂರು ನನಗೆ ಹೊಸದಾಗಿರಲಿಲ್ಲ. ಅದೇ ದೂರು ನನ್ನ ಟೇಬಲ್ ಮುಂದೆ ನಿಂತು ಹೇಳಿದವರಿದ್ದಾರೆ. ಬೆತ್ತಲೆ ಫೋಟೋ ಆಗಲಿ, ರೇಷ್ಮೆ ಸೀರೆಯ ಫೋಟೋ ಆಗಲಿ, ಚರ್ಮ ಅಳಿಸಿದರೆ ಜನ ಕೇಳುವುದು ಒಂದೇ ಪ್ರಶ್ನೆ. ಇದರಲ್ಲಿರುವ ಮನುಷ್ಯರು ಎಲ್ಲಿ ಹೋದರು?

ಅವತ್ತು ಫೋನಿನಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಫೋಟೋ ತೆಗೆಸುವ ಎಲ್ಲರಿಗೂ ಇದು ಗೊತ್ತಿರಬೇಕು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ನಾನು ಮಾಡಿದ ಒಂದು ತಪ್ಪಿನಿಂದ ಶುರುಮಾಡುತ್ತೇನೆ. ಅಂಕೋಲಾ ಕಡೆಯ ಒಬ್ಬರು ತೀರಿಹೋದ ತಾಯಿಯ ಫೋಟೋ ತಂದಿದ್ದರು. ಹನ್ನೆರಡನೇ ದಿನಕ್ಕೆ ಫ್ರೇಮ್ ಹಾಕಿಸಬೇಕಿತ್ತು. ಮೊಬೈಲಿನಲ್ಲಿ ತೆಗೆದ ಫೋಟೋ, ಬೆಳಕು ಸರಿ ಇರಲಿಲ್ಲ. ನಾನು ಬೆಳಕು ಸರಿಮಾಡಿದೆ, ಹಿಂದಿನ ಗೋಡೆ ತೆಗೆದು ನೀಲಿ ಬಣ್ಣ ಹಾಕಿದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಕೈ ರೂಢಿಯಲ್ಲಿ ಮುಖಕ್ಕೂ ಒಂದು ಸಲ ಸ್ಮೂತ್, ಅಂದರೆ ಚರ್ಮ ನುಣುಪು ಮಾಡುವ ಬಟನ್, ಹೊಡೆದೆ. ಪ್ರಿಂಟ್ ಕೈಗೆ ಕೊಟ್ಟಾಗ ಆ ಮಗ ಬಹಳ ಹೊತ್ತು ನೋಡಿದರು. ಆಮೇಲೆ ಮೆತ್ತಗೆ ಹೇಳಿದರು: "ಇದು ನಮ್ಮ ಆಯಿ ಅಲ್ಲ." ಹಣೆಯ ಮೇಲೆ ಅವರಿಗೆ ಹಚ್ಚೆ ಇತ್ತು. ಚಿಕ್ಕದು, ಹಸಿರು ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಬದಿಗೆ ನಕ್ಕಾಗ ಮೂಡುವ ಗೆರೆಗಳಿದ್ದವು. ಎರಡೂ ಹೋಗಿದ್ದವು. ಹಚ್ಚೆಯನ್ನು ನಾನು ಕಲೆ ಅಂತ ನೋಡಿಯೂ ಇರಲಿಲ್ಲ, ಸಾಫ್ಟ್‌ವೇರ್ ನೋಡಿತ್ತು. ಆ ದಿನವೇ ಮೂಲ ಫೈಲ್ ತೆಗೆದು ಮತ್ತೆ ಮಾಡಿಕೊಟ್ಟೆ. ಆದರೆ ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈಗ ವಿಷಯಕ್ಕೆ ಬರೋಣ.

ಚರ್ಮ ಅಂದರೆ ನುಣುಪಾದ ಬಣ್ಣದ ಹಾಳೆ ಅಲ್ಲ. ಹತ್ತಿರದಿಂದ ನೋಡಿದರೆ ಅದರಲ್ಲಿ ಸಣ್ಣ ರಂಧ್ರಗಳಿವೆ, ಕಾಣದಷ್ಟು ತೆಳು ರೋಮಗಳಿವೆ, ಒಂದೊಂದು ಕಡೆ ಒಂದೊಂದು ಛಾಯೆ ಇದೆ. ಮೂಗಿನ ತುದಿ ಸ್ವಲ್ಪ ಕೆಂಪು, ಕಣ್ಣಿನ ಕೆಳಗೆ ಸ್ವಲ್ಪ ಕಪ್ಪು. ಬೆಳಕು ಬಿದ್ದಾಗ ಈ ಉಬ್ಬುತಗ್ಗುಗಳು ಹೊಳಪನ್ನು ಒಡೆದು ಚೂರುಚೂರು ಮಾಡುತ್ತವೆ. ಅದಕ್ಕೇ ಬೆವರಿದ ಕೆನ್ನೆ ಹೊಳೆದರೂ ಅದು ಚರ್ಮ ಅಂತ ನಮಗೆ ಗೊತ್ತಾಗುತ್ತದೆ. ಇನ್ನು ಆ ಉಬ್ಬುತಗ್ಗು ಅಳಿಸಿಬಿಟ್ಟರೆ? ಹೊಳಪು ಒಂದೇ ಪಟ್ಟಿಯಾಗಿ ಹರಡುತ್ತದೆ. ಪ್ಲಾಸ್ಟಿಕ್ ಕೊಡದ ಮೇಲೆ ಬೆಳಕು ಬಿದ್ದ ಹಾಗೆ. ಗಿರಾಕಿ 'ಪ್ಲಾಸ್ಟಿಕ್' ಅಂತ ಬರೆಯುವುದು ಸುಮ್ನೆ ಬೈಗುಳ ಅಲ್ಲ. ಅವರ ಕಣ್ಣು ಸರಿಯಾಗಿಯೇ ಗುರುತಿಸಿದೆ, ಆ ಬೆಳಕು ಪ್ಲಾಸ್ಟಿಕ್ ಮೇಲೆ ಬೀಳುವ ಬೆಳಕೇ.

ನಮ್ಮ ಮೀನು ಪೇಟೆಗೆ ಹೋಗಿ ನೋಡಿ. ಬಂಗಡೆ ಕೊಳ್ಳುವ ಹೆಂಗಸು ಮೀನಿನ ಕಣ್ಣು ನೋಡುತ್ತಾಳೆ, ಕಿವಿರು ಎತ್ತಿ ಕೆಂಪಿದೆಯೋ ಇಲ್ಲವೋ ನೋಡುತ್ತಾಳೆ, ಬೆರಳಿನಿಂದ ಒತ್ತಿ ನೋಡುತ್ತಾಳೆ. ಮೈಮೇಲಿನ ಗುರುತುಗಳೇ ಅವಳಿಗೆ ಸಾಕ್ಷಿ. ನಾವು ಫೋಟೋದಲ್ಲಿ ಮನುಷ್ಯರ ಮುಖ ನೋಡುವುದೂ ಹಾಗೆಯೇ, ಗೊತ್ತಿಲ್ಲದೆಯೇ ಸಾಕ್ಷಿ ಹುಡುಕುತ್ತಿರುತ್ತೇವೆ. ಸಾಕ್ಷಿ ಎಲ್ಲ ಒರೆಸಿಹಾಕಿದ್ದರೆ ಫೋಟೋ ಎಷ್ಟೇ ಚಂದ ಇರಲಿ, ನಂಬಿಕೆ ಬರುವುದಿಲ್ಲ.

ರಿಟಚ್, ಅಂದರೆ ತೆಗೆದ ಫೋಟೋವನ್ನು ತಿದ್ದುವುದು, ಹೊಸದೇನಲ್ಲ. ಜರ್ಮನಿಯ ಮ್ಯೂನಿಕ್‌ನ ಫ್ರಾಂಜ್ ಹಾನ್ಫ್‌ಸ್ಟೇಂಗ್ಲ್ 1855ರ ಪ್ಯಾರಿಸ್ ಪ್ರದರ್ಶನದಲ್ಲೇ ರಿಟಚ್ ಮಾಡಿದ ನೆಗೆಟಿವ್ ತೋರಿಸಿದ್ದ. ನನಗೆ ಕೆಲಸ ಕಲಿಸಿದ ಹಿರಿಯರು ಕುಮಟೆಯ ಸ್ಟುಡಿಯೋದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದವರು. ಅದು ಹೇಗೆ ಅಂದರೆ, ಮುಖದ ಮೇಲಿನ ಕಪ್ಪು ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಅಲ್ಲಿ ಚೂಪು ಪೆನ್ಸಿಲ್‌ನಿಂದ ಚುಕ್ಕಿ ಇಟ್ಟು ತುಂಬಿದರೆ ಪ್ರಿಂಟ್‌ನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಹಿಂದಿನಿಂದ ಬೆಳಕು, ಮುಂದೆ ಮಸುಕು ಗಾಜು, ಕಣ್ಣಿಗೆ ಭೂತಗನ್ನಡಿ. ಒಂದು ಮುಖಕ್ಕೆ ಅರ್ಧ ದಿನ. ಅಷ್ಟು ಕಷ್ಟ ಇದ್ದುದರಿಂದ ಬೇಕಾದಷ್ಟೇ ಮಾಡುತ್ತಿದ್ದರು. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಸುತ್ತಲಿನ ಚರ್ಮದ ಕಣವನ್ನೇ ತಂದು ಕಲೆಯ ಮೇಲೆ ಕೂರಿಸುವ ಹೀಲಿಂಗ್ ಬ್ರಷ್ ಬಂದದ್ದು 2002ರ ಏಳನೇ ಆವೃತ್ತಿಯಲ್ಲಿ. ಅರ್ಧ ದಿನದ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು. ಈಗ ಮೊಬೈಲ್ ಆ ಅರ್ಧ ನಿಮಿಷವನ್ನೂ ಕೇಳುವುದಿಲ್ಲ, ಕ್ಲಿಕ್ ಮಾಡುವಾಗಲೇ ಮುಗಿಸಿರುತ್ತದೆ.

ಒಂದು ಮಾತು ಇಲ್ಲಿ ಸ್ಪಷ್ಟವಾಗಬೇಕು. ರಿಟಚ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಬೆಳಕು ಮತ್ತು ಬಣ್ಣ ಸರಿಮಾಡುವುದು ಒಂದು. ಮೊಡವೆ, ಧೂಳು, ಅಂಟಿಕೊಂಡ ಕೂದಲು ತೆಗೆಯುವುದು ಇನ್ನೊಂದು. ಚರ್ಮ ನುಣುಪು ಮಾಡುವುದು ಮತ್ತೊಂದು. ಸೊಂಟ ಸಣ್ಣ ಮಾಡುವುದು, ಕಣ್ಣು ದೊಡ್ಡ ಮಾಡುವುದು, ಅಂದರೆ ಆಕಾರವನ್ನೇ ತಿದ್ದುವುದು ಪೂರ್ತಿ ಬೇರೆ. ಮೊದಲಿನ ಎರಡಕ್ಕೆ ಗಿರಾಕಿ ಹೆಚ್ಚಾಗಿ ಥ್ಯಾಂಕ್ಸ್ ಹೇಳುತ್ತಾರೆ. ಜಗಳ ಶುರುವಾಗುವುದು ಮೂರನೆಯದರಿಂದ.

ನುಣುಪು ಮಾಡುವ ಕೆಲಸವನ್ನು ಚೆನ್ನಾಗಿಯೂ ಮಾಡಬಹುದು. ಬಲ್ಲವರು ಫೋಟೋವನ್ನು ಎರಡು ಲೇಯರ್ ಮಾಡುತ್ತಾರೆ. ಕುಚ್ಚಲಕ್ಕಿ ಗಂಜಿಯಲ್ಲಿ ತಿಳಿ ಬೇರೆ, ಅಗಳು ಬೇರೆ ಮಾಡಿದ ಹಾಗೆ ಅಂದುಕೊಳ್ಳಿ. ಕೆಳಗಿನ ಲೇಯರ್‌ನಲ್ಲಿ ಬಣ್ಣ, ನೆರಳು, ಬೆಳಕು ಮಾತ್ರ ಇರುತ್ತದೆ. ಅದು ಮಬ್ಬು. ಮೇಲಿನದರಲ್ಲಿ ರಂಧ್ರ, ರೋಮ, ಗೆರೆ, ಅಂದರೆ ಸಣ್ಣ ಕಣಗಳು ಮಾತ್ರ. ಕಣ್ಣಿನ ಕೆಳಗೆ ಕಪ್ಪಿದ್ದರೆ ಕೆಳಗಿನ ಲೇಯರ್‌ನಲ್ಲಿ ಸ್ವಲ್ಪ ತಿಳಿ ಮಾಡುತ್ತಾರೆ, ಮೇಲಿನ ಕಣಕ್ಕೆ ಕೈ ಹಾಕುವುದಿಲ್ಲ. ಆಮೇಲೆ ಎರಡನ್ನೂ ಸೇರಿಸಿದರೆ ಚರ್ಮ ಚರ್ಮವಾಗಿಯೇ ಇರುತ್ತದೆ, ದಣಿವು ಮಾತ್ರ ಕಡಿಮೆಯಾಗಿರುತ್ತದೆ. ಕೆಟ್ಟ ರಿಟಚ್‌ನಲ್ಲಿ ಏನಾಗುತ್ತದೆ? ಅಗಳು ಎತ್ತಿ ಬಿಸಾಡಿ ಬರೀ ತಿಳಿ ಬಡಿಸುತ್ತಾರೆ. ಬ್ಲರ್ ಮಾಡಿ ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಆಮೇಲೆ ತೀರಾ ಮೇಣದ ಹಾಗೆ ಕಾಣುತ್ತದಲ್ಲ ಅಂತ ಮೇಲಿನಿಂದ ನಕಲಿ ಮರಳುಕಣ ಉದುರಿಸುತ್ತಾರೆ. ಅದು ಹಣೆಗೂ ತುಟಿಗೂ ಗೋಡೆಗೂ ಒಂದೇ ತರಹ ಬಿದ್ದಿರುತ್ತದೆ.

ಹಾಗಾದರೆ ಎಲ್ಲರೂ ಒಳ್ಳೆ ರೀತಿಯಲ್ಲೇ ಯಾಕೆ ಮಾಡುವುದಿಲ್ಲ? ಲೆಕ್ಕ ನೋಡಿ. ಒಂದು ಸೈಟಿಗೆ ಒಂದು ಸರಣಿ ಅಂದರೆ ನೂರಕ್ಕಿಂತ ಹೆಚ್ಚು ಫೋಟೋ ಇರಬಹುದು. ನಮ್ಮ ಮದುವೆ ಆಲ್ಬಮ್‌ಗೂ ಸಾವಿರಗಟ್ಟಲೆ ಫೋಟೋದಿಂದ ನೂರಾರು ಆರಿಸುತ್ತೇವೆ. ಒಂದು ಫೋಟೋಕ್ಕೆ ಇಷ್ಟು ಅಂತ ರೇಟು. ಒಂದೊಂದಕ್ಕೂ ಒಂದು ಗಂಟೆ ಕೂತರೆ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಒಂದು ಫೋಟೋಕ್ಕೆ ಮಾಡಿದ್ದನ್ನು ರೆಕಾರ್ಡ್ ಮಾಡಿ, ಒಂದು ಬಟನ್ ಒತ್ತಿ, ಎಲ್ಲದಕ್ಕೂ ಓಡಿಸುತ್ತಾರೆ. ತಪ್ಪು ಆಗುವುದು ಅಲ್ಲೇ.

ಇದನ್ನು ಅಂಕಿಯಲ್ಲಿ ಹೇಳುತ್ತೇನೆ, ಯಾಕೆಂದರೆ ಇದನ್ನು ತಿಳಿದ ಮೇಲೆ ಅರ್ಧ ದೂರಿಗೆ ಕಾರಣ ಸಿಕ್ಕಿಬಿಡುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಅಂದರೆ ಒಂದು ಕಡೆ 6000, ಇನ್ನೊಂದು ಕಡೆ 4000 ಚುಕ್ಕಿ, ಅಂದರೆ ಪಿಕ್ಸೆಲ್. ಮುಖ ಮಾತ್ರ ತುಂಬಿಕೊಂಡ ಫೋಟೋದಲ್ಲಿ ಮುಖದ ಎತ್ತರ 3500 ಚುಕ್ಕಿ ಇರಬಹುದು. ಅದೇ ಕ್ಯಾಮೆರಾದಲ್ಲಿ ತಲೆಯಿಂದ ಕಾಲಿನವರೆಗೆ ತೆಗೆದರೆ ಮೈ ಎಲ್ಲ ಸೇರಿ 5000 ಚುಕ್ಕಿ, ಅದರಲ್ಲಿ ತಲೆಗೆ ಸಿಗುವುದು ಸುಮಾರು 650. ಈಗ 10 ಚುಕ್ಕಿಯಷ್ಟು ಬ್ಲರ್ ಎರಡಕ್ಕೂ ಹಾಕಿದರೆ, ಮೊದಲನೆಯದರಲ್ಲಿ ಹೋಗುವುದು ರಂಧ್ರದಂಥ ಸಣ್ಣ ವಿವರ ಮಾತ್ರ. ಎರಡನೆಯದರಲ್ಲಿ ಅದರ ಏಟು ಐದು ಪಟ್ಟು. ರೆಪ್ಪೆಯ ಗೆರೆ, ಮೂಗಿನ ಅಂಚು, ತುಟಿಯ ಮಡಿಕೆ, ಎಲ್ಲ ಕರಗುತ್ತವೆ. ಸೆಟ್ಟಿಂಗ್ ಒಂದೇ, ಆದರೆ ಒಂದು ಫೋಟೋ ಉಳಿಯಿತು, ಇನ್ನೊಂದು ಸತ್ತಿತು. ನನ್ನ ಗೆಳೆಯನ ಹತ್ತಿರ ಒಂದು ದೂರು ಬಂದಿತ್ತಂತೆ: ಹತ್ತಿರದ ಫೋಟೋಗಳು ಪರವಾಗಿಲ್ಲ, ದೂರದಿಂದ ತೆಗೆದವುಗಳಲ್ಲಿ ಇವಳಿಗೆ ಮುಖವೇ ಇಲ್ಲ ಅಂತ. ಆ ಗಿರಾಕಿಗೆ ಫೋಟೋಶಾಪ್ ಗೊತ್ತಿರಲಿಕ್ಕಿಲ್ಲ. ಆದರೆ ಏನಾಗಿದೆ ಅಂತ ನಿಖರವಾಗಿ ಹೇಳಿದ್ದಾರೆ.

ಇನ್ನೊಂದು ಕಾರಣ ಕಣ್ಣಿನ ದಣಿವು. ಇದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಸ್ಕ್ರೀನಿನಲ್ಲಿ 200 ಪರ್ಸೆಂಟ್ ಝೂಮ್ ಮಾಡಿ ಎರಡು ಗಂಟೆ ನುಣುಪು ಕೆನ್ನೆಗಳನ್ನೇ ನೋಡುತ್ತಾ ಕೂತರೆ, ಆಮೇಲೆ ನಿಜವಾದ ಚರ್ಮ ಕಂಡರೆ ಅದೇ ರೋಗ ಹಿಡಿದ ಹಾಗೆ ಕಾಣುತ್ತದೆ. ಆಗ ಕೈ ತಾನಾಗಿಯೇ ಇನ್ನಷ್ಟು ಒರೆಸುತ್ತದೆ. ಹೊರಗೆ ಹೋಗಿ ಚಹಾ ಕುಡಿದು, ಬಸ್ ಕಾಯುತ್ತಾ ನಿಂತ ನಾಲ್ಕು ಜನರ ಮುಖ ನೋಡಿ ಬಂದರೆ ಕಣ್ಣು ಮತ್ತೆ ಸರಿಯಾಗುತ್ತದೆ. ನಾನು ಈಗ ಹಾಗೇ ಮಾಡುತ್ತೇನೆ. ದಿನಕ್ಕೆ ನೂರಾರು ಫೋಟೋ ಮುಗಿಸಬೇಕಾದ ಹುಡುಗರಿಗೆ ಆ ಬಿಡುವು ಎಲ್ಲಿ ಸಿಗಬೇಕು?

'ದೊಡ್ಡ ಫೋಟೋ ಅಂತ ದುಡ್ಡು ತೆಗೆದುಕೊಂಡು ಮೋಸ ಮಾಡಿದಿರಿ' ಅನ್ನುವ ದೂರಿಗೂ ಗಟ್ಟಿ ಆಧಾರ ಇದೆ. ಫೋಟೋ ದೊಡ್ಡದು ಅಂದರೆ ಅಳತೆ ದೊಡ್ಡದು ಅಂತಷ್ಟೇ ಅಲ್ಲ, ಒಳಗೆ ವಿವರ ಇರಬೇಕು. 4000 ಚುಕ್ಕಿ ಅಗಲದ ಫೋಟೋವನ್ನು ಪೂರ್ತಿ ಮಬ್ಬು ಮಾಡಿದರೆ ಅಳತೆ 4000ವೇ ಇರುತ್ತದೆ, ವಿವರ 800ರಷ್ಟು ಮಾತ್ರ ಉಳಿದಿರಬಹುದು. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಫೋಟೋ ಸಾಮಾನ್ಯವಾಗಿ ಸೇವ್ ಆಗುವ ಜೆಪೆಗ್ ಫೈಲ್ ಚಿತ್ರವನ್ನು ಉದ್ದಕ್ಕೆ 8, ಅಗಲಕ್ಕೆ 8 ಚುಕ್ಕಿಯ ಸಣ್ಣ ಚೌಕಗಳಾಗಿ ಕತ್ತರಿಸಿ, ವಿವರ ಇದ್ದಲ್ಲಿ ಹೆಚ್ಚು ಜಾಗ, ಇಲ್ಲದಲ್ಲಿ ಕಡಿಮೆ ಜಾಗ ಕೊಡುತ್ತದೆ. ಹಾಗಾಗಿ ಒಂದೇ ಫೋಟೋವನ್ನು ನುಣುಪು ಮಾಡುವ ಮೊದಲು ಒಂದು ಸಲ, ಮಾಡಿದ ಮೇಲೆ ಒಂದು ಸಲ, ಅದೇ ಗುಣಮಟ್ಟದಲ್ಲಿ ಸೇವ್ ಮಾಡಿದರೆ ಎರಡನೆಯದರ ಎಂಬಿ ಕಡಿಮೆ ಇರುತ್ತದೆ. ಹೋದದ್ದು ಏನು? ಚರ್ಮ. ಅದರ ಜೊತೆಗೆ ಇನ್ನೊಂದು ತೊಂದರೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಸಣ್ಣ ಕಣಗಳು ಇದ್ದಾಗ ಆ ಮೆಟ್ಟಿಲು ಕಣ್ಣಿಗೆ ಕಾಣುವುದಿಲ್ಲ. ಕಣ ತೆಗೆದುಬಿಟ್ಟರೆ ಭುಜದ ಮೇಲೆ, ಬೆನ್ನಿನ ಮೇಲೆ ಗದ್ದೆಯ ಹಾಳಿಗಳ ಹಾಗೆ ಪಟ್ಟಿ ಪಟ್ಟಿ ಎದ್ದು ಕಾಣುತ್ತದೆ. ಮೈಯ ಫೋಟೋಗಳೇ ಜಾಸ್ತಿ ಇರುವ ಸೈಟಿನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ನಮ್ಮಲ್ಲಿ ಎಷ್ಟೋ ಸ್ಟುಡಿಯೋಗಳಲ್ಲಿ ರಿಟಚ್ ಅಂದರೆ ಬೆಳ್ಳಗೆ ಮಾಡುವುದು ಅಂತಲೇ ಅರ್ಥ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಕುಟುಂಬದ ಮದುವೆ ಫೋಟೋ ಕೈಗೆ ಬಂದರೂ ಅದೇ ಬಟನ್, ಹಾಲಕ್ಕಿ ಸಮುದಾಯದ ಅಜ್ಜಿಯ ಫೋಟೋ ಬಂದರೂ ಅದೇ ಬಟನ್. ಕಪ್ಪು ಚರ್ಮದ ಬೆಳಕನ್ನು ಸುಮ್ನೆ ಮೇಲಕ್ಕೆ ಎಳೆದರೆ ಅದು ಬೆಳ್ಳಗಾಗುವುದಿಲ್ಲ, ಬೂದಿ ಬಳಿದ ಹಾಗಾಗುತ್ತದೆ. ಮಾಜಾಳಿ ಹತ್ತಿರದ ತಿಳಮಾತಿಯ ಕಪ್ಪು ಮರಳಿನ ಫೋಟೋಕ್ಕೆ ಬೆಳಕು ಜಾಸ್ತಿ ಮಾಡಿ ನೋಡಿ. ಸಿಮೆಂಟ್ ಪುಡಿಯ ಹಾಗೆ ಕಾಣುತ್ತದೆ, ಆ ಎಳ್ಳಿನ ಹೊಳಪು ಇರುವುದಿಲ್ಲ. ಕಪ್ಪು ಮೈಯ ಚಂದ ಇರುವುದೇ ಅದರ ಮೇಲೆ ಆಡುವ ಹೊಳಪಿನಲ್ಲಿ. ನುಣುಪು ಮಾಡುವ ಬಟನ್ ಹೊಳಪನ್ನು ಕೊಲ್ಲುತ್ತದೆ, ಬೆಳ್ಳಗೆ ಮಾಡುವ ಬಟನ್ ಆಳವನ್ನು ಕೊಲ್ಲುತ್ತದೆ.

ಇದರ ಬೇರು ಹಳೆಯದು. ಫಿಲ್ಮ್ ಕಾಲದಲ್ಲಿ ಪ್ರಿಂಟ್ ಲ್ಯಾಬ್‌ಗಳು ಬಣ್ಣ ಹೊಂದಿಸಿಕೊಳ್ಳಲಿ ಅಂತ ಕೊಡಾಕ್ ಒಂದು ಕಾರ್ಡ್ ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಅಂತ ಹೆಸರು. ಬಹಳ ವರ್ಷಗಳ ಕಾಲ ಅದರಲ್ಲಿದ್ದದ್ದು ಬಿಳಿ ಚರ್ಮದ ಹೆಂಗಸಿನ ಚಿತ್ರ ಮಾತ್ರ. ಅವಳ ಬಣ್ಣ ಸರಿ ಬಂದರೆ ಎಲ್ಲ ಸರಿ ಅಂತ ಲೆಕ್ಕ. ಉಳಿದವರ ಮುಖ ಹೇಗೆ ಬಂತು ಅಂತ ಆ ಕಾರ್ಡ್ ಕೇಳುತ್ತಿರಲಿಲ್ಲ. ಇವತ್ತಿನ ಮೊಬೈಲ್‌ಗಳ ಬ್ಯೂಟಿ ಮೋಡ್‌ಗಳಲ್ಲಿ ಆ ಅಭ್ಯಾಸ ಇನ್ನೂ ಉಸಿರಾಡುತ್ತಿದೆ.

ಯಂತ್ರಕ್ಕೆ ಕಲೆ ಯಾವುದು, ಅಲಂಕಾರ ಯಾವುದು ಅಂತ ಗೊತ್ತಾಗುವುದಿಲ್ಲ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆ ಉದಾಹರಣೆ ಇದೆ. ಯಕ್ಷಗಾನದ ರಾಕ್ಷಸ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಬಿಳಿ ಚಿಟ್ಟಿ, ಅಂದರೆ ಉಬ್ಬಿದ ಸಣ್ಣ ಚುಕ್ಕಿಗಳನ್ನು, ಇಡುತ್ತಾರೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ಗಂಟೆಗಟ್ಟಲೆ ಕೂತು, ಒಂದೊಂದೇ ಸಾಲು ಎಬ್ಬಿಸುತ್ತಾರೆ. ಹೊನ್ನಾವರ ಕಡೆಯ ಒಂದು ಆಟದ ಫೋಟೋವನ್ನು ನಾನೊಮ್ಮೆ ಈಗಿನ ಎಐ ಬಟನ್‌ಗೆ ಕೊಟ್ಟು ನೋಡಿದೆ. ಚಿಟ್ಟಿಯನ್ನು ಅದು ಮೊಡವೆ ಅಂತ ತಿಳಿದು ಅರ್ಧ ಒರೆಸಿತ್ತು. ಉಳಿದರ್ಧ ಕರಗಿದ ಮೇಣದ ಹಾಗೆ ನಿಂತಿತ್ತು. ಆ ಕಲಾವಿದರ ರಾತ್ರಿಯ ಶ್ರಮ ಅದಕ್ಕೆ ಕಸವಾಗಿ ಕಂಡಿತು. ಅಂಕೋಲೆಯ ಆ ತಾಯಿಯ ಹಚ್ಚೆ ಹೋದದ್ದೂ ಹೀಗೆಯೇ. ವಯಸ್ಕರ ಸೈಟಿನ ಹುಡುಗಿಯ ಮಚ್ಚೆ ಹೋದದ್ದೂ ಹೀಗೆಯೇ.

ಆಕಾರ ತಿದ್ದುವುದು ಬೇಗ ಸಿಕ್ಕಿಬೀಳುವ ಕೆಲಸ. ಸೊಂಟ ಒಳಗೆ ತಳ್ಳಿದರೆ ಹಿಂದಿನ ಬಾಗಿಲ ಚೌಕಟ್ಟೂ ಒಳಗೆ ಬಾಗುತ್ತದೆ. ತೋಟದಲ್ಲಿ ತೆಗೆದ ಫೋಟೋ ಆದರೆ ನೆಟ್ಟಗಿನ ಅಡಿಕೆ ಮರ ಸೊಂಟದ ಹತ್ತಿರ ಮಾತ್ರ ಡೊಂಕಾಗುತ್ತದೆ. ಆದರೆ ಸಿಕ್ಕಿಬೀಳದೆ ಮಾಡಿದಾಗಲೇ ಹೆಚ್ಚು ಅನ್ಯಾಯ. 2003ರಲ್ಲಿ ಬ್ರಿಟನ್ನಿನ ಜಿಕ್ಯೂ ಪತ್ರಿಕೆ ನಟಿ ಕೇಟ್ ವಿನ್ಸ್ಲೆಟ್ ಅವರನ್ನು ಮುಖಪುಟದಲ್ಲಿ ತೀರಾ ತೆಳ್ಳಗೆ ಮಾಡಿ ತೋರಿಸಿತು. ಆಗ ದೂರಿದ್ದು ಓದುಗರಲ್ಲ, ಆಕೆಯೇ. ತಾನು ಹಾಗಿಲ್ಲ, ಹಾಗಿರಬೇಕು ಅನ್ನುವ ಆಸೆಯೂ ಇಲ್ಲ ಅಂತ ಬಹಿರಂಗವಾಗಿ ಹೇಳಿದರು.

ಇಲ್ಲಿ ನನ್ನ ಗೆಳೆಯ ಒಂದು ಒಳ್ಳೆ ಪ್ರಶ್ನೆ ಕೇಳಿದ. "ಹಂಗಾದ್ರೆ ಗಿರಾಕಿ ಹೇಳಿದ್ದೇ ಸರಿಯಾ? ಆ ಹುಡುಗಿಯೇ ಮಚ್ಚೆ ತೆಗೀರಿ ಅಂದಿದ್ದರೆ?"

ಹಾಗಿದ್ದರೆ ಅವಳ ಮಾತೇ ಕೊನೆ. ಇದರಲ್ಲಿ ನನಗೆ ಅನುಮಾನ ಇಲ್ಲ. ಅಂಥ ಸೈಟಿನಲ್ಲಿ ಕಾಣಿಸಿಕೊಳ್ಳುವವಳಿಗೆ ಮೈಮೇಲಿನ ಒಂದು ಗುರುತಿನಿಂದ ಊರಿನವರು ಪತ್ತೆ ಹಚ್ಚುವ ಭಯ ಇರಬಹುದು. ಹೆರಿಗೆಯ ಗೆರೆಯೋ ಹಳೆ ಗಾಯವೋ ತೋರಿಸಲು ಮನಸ್ಸಿಲ್ಲದಿರಬಹುದು. ಅದು ಅವಳ ಮೈ. ದುಡ್ಡು ಕೊಟ್ಟವನಿಗೆ ಅದರ ಮೇಲೆ ಹಕ್ಕಿಲ್ಲ. ನಾನು ಹೇಳುವುದು ಅವಳನ್ನು ಕೇಳದೆಯೇ ಬಟನ್ ಒತ್ತುವವರ ಬಗ್ಗೆ. ಆಗ ಫೋಟೋದಲ್ಲಿದ್ದವಳಿಗೂ ಅನ್ಯಾಯ, ನೋಡುವವನಿಗೂ ಮೋಸ. ಅದರ ಮೇಲೆ ಇಂಥ ಮೈಯೇ ಸಹಜ ಅಂತ ನಂಬಿ ಬೆಳೆಯುವ ಹುಡುಗ ಹುಡುಗಿಯರಿದ್ದಾರೆ. ಕನ್ನಡಿ ಮುಂದೆ ನಿಂತು ತಮ್ಮ ಚರ್ಮವನ್ನೇ ದ್ವೇಷಿಸುವ ಮಕ್ಕಳನ್ನು ನಾನು ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ದಿನಾ ನೋಡುತ್ತೇನೆ. "ಅಣ್ಣ, ಮೊಡವೆ ತೆಗೀತೀರಲ್ಲ?" ಅಂತ ಕೂರುವ ಮೊದಲೇ ಕೇಳುತ್ತಾರೆ.

ಕೆಲವು ದೇಶಗಳಲ್ಲಿ ಇದಕ್ಕೆ ನಿಯಮಗಳಿವೆ. 2011ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಜೂಲಿಯಾ ರಾಬರ್ಟ್ಸ್ ಮತ್ತು ಕ್ರಿಸ್ಟಿ ಟರ್ಲಿಂಗ್ಟನ್ ಇದ್ದ ಎರಡು ಮೇಕಪ್ ಜಾಹೀರಾತು ನಿಲ್ಲಿಸಿತು. ಕಾರಣ ಸರಳ: ಮುಖದ ಆ ಕಾಂತಿಯಲ್ಲಿ ಕ್ರೀಮಿನ ಪಾಲು ಎಷ್ಟು, ಕಂಪ್ಯೂಟರಿನ ಪಾಲು ಎಷ್ಟು ಅಂತ ಕಂಪನಿಗೆ ತೋರಿಸಲು ಆಗಲಿಲ್ಲ. ತಿದ್ದಿದ ಜಾಹೀರಾತು ಫೋಟೋಗಳಿಗೆ ಇಸ್ರೇಲ್ 2012ರಲ್ಲೇ ಕಾನೂನು ತಂದಿತು. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್ 1ರಿಂದ, ರೂಪದರ್ಶಿಯ ಮೈಯನ್ನು ತೆಳ್ಳಗೆ ಅಥವಾ ದಪ್ಪ ಮಾಡಿದ ಜಾಹೀರಾತು ಫೋಟೋದ ಮೇಲೆ 'ರಿಟಚ್ ಮಾಡಿದ ಫೋಟೋ' ಅಂತ ಬರೆಯಲೇಬೇಕು. ಬರೆಯದಿದ್ದರೆ 37,500 ಯೂರೋ ದಂಡ ಬೀಳಬಹುದು. ನಾರ್ವೆಯಲ್ಲಿ 2022ರ ಜುಲೈಯಿಂದ ಇಂಥದ್ದೇ ನಿಯಮ ಇದೆ, ದುಡ್ಡು ತೆಗೆದುಕೊಂಡು ಜಾಹೀರಾತು ಹಾಕುವ ಇನ್‌ಫ್ಲುಯೆನ್ಸರ್‌ಗಳಿಗೂ ಸೇರಿ. ಇವೆಲ್ಲ ಜಾಹೀರಾತಿಗೆ ಮಾತ್ರ. ದುಡ್ಡು ಕೊಟ್ಟು ಕೊಳ್ಳುವ ಫೋಟೋಕ್ಕೆ ಈ ಚೀಟಿ ಅಂಟುವುದಿಲ್ಲ.

ನಮ್ಮಲ್ಲಿ ಮದುವೆ ಆಲ್ಬಮ್ ಹಾಳಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ಸೇವಾ ನ್ಯೂನತೆ ಅಂತ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. 1915 ಸಹಾಯವಾಣಿಗೂ ಫೋನ್ ಮಾಡಬಹುದು. ಆದರೆ ನಾನು ಹೇಳುವುದು ಅಲ್ಲಿಯವರೆಗೆ ಹೋಗುವ ಮೊದಲೇ ಸ್ಟುಡಿಯೋದವರಿಗೆ ಒಂದು ಚೀಟಿ ಬರೆದುಕೊಡಿ ಅಂತ. ಮಚ್ಚೆ, ಹಚ್ಚೆ, ಗಾಯದ ಗುರುತು ಮುಟ್ಟಬೇಡಿ, ಬಣ್ಣ ಬೆಳ್ಳಗೆ ಮಾಡಬೇಡಿ, ಆಕಾರ ತಿದ್ದಬೇಡಿ. ಯಾವುದು ತೆಗೆಯಬೇಕೋ ಅದನ್ನೂ ಬರೆಯಿರಿ. ಪೂರ್ತಿ ಆಲ್ಬಮ್ ಮಾಡುವ ಮೊದಲು ಒಂದು ಹತ್ತಿರದ ಫೋಟೋ, ಒಂದು ದೂರದ ಫೋಟೋ ಮಾಡಿ ತೋರಿಸಿ ಅಂತ ಕೇಳಿ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದ್ದು ನೋಡಿ ಒಪ್ಪಬೇಡಿ, ಅದು ಮತ್ತೆ ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಪೂರ್ತಿ ಝೂಮ್ ಮಾಡಿ ಕೆನ್ನೆ ನೋಡಿ. ಮೂಲ ಫೈಲ್ ಅಳಿಸಬೇಡಿ ಅಂತ ಮರೆಯದೆ ಹೇಳಿ. ಆ ಮೂಲ ಇದ್ದುದರಿಂದಲೇ ಅಂಕೋಲೆಯ ಆ ಮಗನಿಗೆ ತಾಯಿಯ ಮುಖ ವಾಪಸ್ ಸಿಕ್ಕಿತು.

ಎಡಿಟಿಂಗ್ ಮಾಡುವ ಹುಡುಗರಿಗೆ ಒಂದು ಹಳೇ ಅಳತೆ ಇದೆ. ಎರಡು ವಾರದಲ್ಲಿ ತಾನಾಗಿಯೇ ಹೋಗುವಂಥದ್ದಾದರೆ ತೆಗೆಯಬಹುದು. ಮೊಡವೆ, ಸೊಳ್ಳೆ ಕಡಿದದ್ದು, ಬಿಸಿಲಿಗೆ ಕೆಂಪಾದದ್ದು, ಇಂಥದ್ದು. ಎರಡು ವಾರದ ಮೇಲೂ ಇರುವಂಥದ್ದು ಆ ಮನುಷ್ಯರದ್ದು, ಅವರನ್ನು ಕೇಳದೆ ಮುಟ್ಟಬಾರದು. ನಾನು ಈಗ ಇದನ್ನೇ ನನ್ನ ಟೇಬಲ್ ಮೇಲೆ ಬರೆದು ಅಂಟಿಸಿಕೊಂಡಿದ್ದೇನೆ.

ನನ್ನ ಗೆಳೆಯ ಮೊದಲು ಈ ದೂರುಗಳನ್ನೆಲ್ಲ 'ಇತರೆ' ಅನ್ನುವ ಖಾನೆಗೆ ಹಾಕುತ್ತಿದ್ದ. ಈಗ ಚರ್ಮ, ಗುರುತು, ಬಣ್ಣ, ಆಕಾರ ಅಂತ ಬೇರೆ ಬೇರೆ ಮಾಡಿ, ಯಾವ ಸರಣಿಯ ಎಷ್ಟನೇ ಫೋಟೋ ಅಂತ ನಂಬರ್ ಸಮೇತ ಕಳಿಸುತ್ತಾನೆ. ಹದಿನೈದು ದಿನದ ಹಿಂದೆ ಮತ್ತೆ ಫೋನ್ ಮಾಡಿದ್ದ. ಮೇಲಿನವರು ಎಲ್ಲವನ್ನೂ ಒಂದೇ ಸಲ ಸರಿಮಾಡಲು ಆಗುವುದಿಲ್ಲ, ಯಾವುದು ಮೊದಲು ಹೇಳು ಅಂದರಂತೆ. ಮಚ್ಚೆಯದ್ದು ಹೇಳು ಅಂದೆ. ನುಣುಪು ಜಾಸ್ತಿ ಆಯಿತು ಅಂದರೆ ಅದು ನಿಮ್ಮ ನಿಮ್ಮ ರುಚಿ ಅಂತ ವಾದ ಮಾಡಿಬಿಡುತ್ತಾರೆ. ಆದರೆ ಒಂದೇ ಹುಡುಗಿಯ ಎಡ ಭುಜದಲ್ಲಿ 12ನೇ ಫೋಟೋದಲ್ಲಿ ಮಚ್ಚೆ ಇದ್ದು 13ನೇ ಫೋಟೋದಲ್ಲಿ ಇಲ್ಲದಿದ್ದರೆ ಅದಕ್ಕೆ ಯಾರೂ ವಾದ ಮಾಡುವ ಹಾಗಿಲ್ಲ. ಅವಳನ್ನು ಕೇಳಿ ತೆಗೆದಿರೋ ಇಲ್ಲವೋ, ಅದಕ್ಕೆ ಮೊದಲು ಉತ್ತರ ಕೊಡಿ ಅಂತ ಬರೆ ಅಂದೆ. ಹಾಗೇ ಬರೆದು ಕಳಿಸಿದ್ದಾನೆ.